ಒರ್ವಿಯೆಟೊ: ದೊಡ್ಡ ಚರ್ಚು ಕೊನೆಗೆ

ರೋಮ್‌ನಿಂದ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆ ಕೂತರೆ ಒರ್ವಿಯೆಟೊ. ಸ್ಟೇಷನ್ ಇರುವುದು ಕೆಳಗೆ, ಊರು ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲಿನ ಬಂಡೆಯೊಂದು ನೆಟ್ಟಗೆ ಎದ್ದು ನಿಂತಿದೆ, ಅದರ ನೆತ್ತಿಯ ಮೇಲೆ ಇಡೀ ಊರು. ಸ್ಟೇಷನ್ ಎದುರಿನಿಂದಲೇ ಕೇಬಲ್ ಎಳೆಯುವ ಪುಟ್ಟ ರೈಲು ಹತ್ತಿದರೆ ಕೆಲವೇ ನಿಮಿಷದಲ್ಲಿ ಮೇಲಿರುತ್ತೀರಿ.

ಜಾಸ್ತಿ ಜನ ಬೆಳಿಗ್ಗೆ ಬಂದು, ದುವೊಮೊ ಅಂದರೆ ಊರಿನ ದೊಡ್ಡ ಚರ್ಚನ್ನು ನೋಡಿ, ಊಟ ಮಾಡಿ ವಾಪಸ್ ಹೋಗುತ್ತಾರೆ. ನಾನೂ ನನ್ನ ಹೆಂಡತಿಯೂ ಹಾಗೆ ಮಾಡಲಿಲ್ಲ. ಅದೇ ಊರಿನಲ್ಲಿ ಹುಟ್ಟಿ ಬೆಳೆದ, ಲೈಸೆನ್ಸ್ ಇರುವ ಒಬ್ಬ ಗೈಡ್‌ಗೆ ಮೊದಲೇ ಇಮೇಲ್ ಬರೆದೆವು. ನಮಗೆ ವೈನ್ ಅಂಗಡಿ ಬೇಡ, ಪಿಂಗಾಣಿ ಅಂಗಡಿ ಬೇಡ, ಚರ್ಚುಗಳು ಮಾತ್ರ ಸಾಕು ಅಂದೆವು. ಅವರು ಒಪ್ಪಿಕೊಂಡು ತಮ್ಮ ಷರತ್ತುಗಳನ್ನೂ ಹೇಳಿದರು. ಬೆಳಿಗ್ಗೆ ಬೇಗ ಶುರು ಮಾಡಬೇಕು, ಏಕೆಂದರೆ ಸಣ್ಣ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು. ಬೈನಾಕ್ಯುಲರ್ ಇದ್ದರೆ ತರಬೇಕು. ದುವೊಮೊ ಕಟ್ಟಕಡೆಗೆ. ಅದನ್ನು ಮೊದಲು ನೋಡಿದವರಿಗೆ ಉಳಿದದ್ದೆಲ್ಲ ಸಪ್ಪೆ ಅನ್ನಿಸುತ್ತದೆ ಅನ್ನುವುದು ಅವರ ವಾದ.

ಹಾಗಾಗಿ ಮೊದಲು ಹೋಗಿದ್ದು ಬಂಡೆಯ ಪಶ್ಚಿಮದ ತುದಿಗೆ, ಸ್ಯಾನ್ ಜೊವೆನಾಲೆಗೆ. 1004ರಲ್ಲಿ ಕಟ್ಟಿದ್ದೆಂದು ಹೇಳುವ ಈ ಚರ್ಚು ಹೊರಗಿನಿಂದ ಯಾರದೋ ಹಳೆಯ ಉಗ್ರಾಣದ ಹಾಗಿದೆ. ಒಳಗೆ ಗೋಡೆ, ಕಂಬ ಎಲ್ಲ ಕಡೆ ಚಿತ್ರ. ಒಂದು ಕಾಲದ ಸಂತನ ಪಕ್ಕದಲ್ಲೇ ಇನ್ನೊಂದು ಕಾಲದ ಮೇರಿ, ಅಲ್ಲಲ್ಲಿ ಗಾರೆ ಉದುರಿ ಅರ್ಧ ಮುಖ. ಇಂಥ ಚಿತ್ರವನ್ನು ಹಸಿ ಗಾರೆಯ ಮೇಲೆ ಬರೆಯಬೇಕು. ಆ ದಿನ ಬರೆದು ಮುಗಿಸಲು ಆಗುವಷ್ಟೇ ಗಾರೆ ಮೆತ್ತುತ್ತಾರೆ. ಗೈಡ್ ಇದನ್ನು ಇಲ್ಲೇ ಹೇಳಿಕೊಟ್ಟಿದ್ದು ಒಳ್ಳೆಯದಾಯಿತು, ಸಂಜೆ ಉಪಯೋಗಕ್ಕೆ ಬಂತು.

ಸಾಂತ್ ಅಂದ್ರೆಯಾ ಊರಿನ ನಡುವಿನ ಚೌಕದಲ್ಲಿದೆ. ಪಕ್ಕದಲ್ಲಿ ಹನ್ನೆರಡು ಮೂಲೆಯ ಗೋಪುರ. ನೆಲದ ಕೆಳಗೆ ಆರನೇ ಶತಮಾನದ ಚರ್ಚಿನ ಮೊಸಾಯಿಕ್ ನೆಲ (ಸಣ್ಣ ಬಣ್ಣದ ತುಂಡು ಜೋಡಿಸಿ ಮಾಡಿದ್ದು), ಅದಕ್ಕೂ ಹಳೆಯ ರೋಮನ್ನರ, ಅವರಿಗೂ ಮೊದಲು ಇಲ್ಲಿದ್ದ ಎಟ್ರಸ್ಕನ್ನರ ಕಟ್ಟಡಗಳ ಅವಶೇಷ. ಇಲ್ಲಿ ನಾವು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಆದರೆ ಸ್ಯಾನ್ ದೊಮೆನಿಕೊ ಬಿಟ್ಟು ಬರಲು ಮನಸ್ಸಾಗಲಿಲ್ಲ. ಉದ್ದದ ದೊಡ್ಡ ಚರ್ಚಾಗಿತ್ತಂತೆ. 1930ರ ದಶಕದಲ್ಲಿ, ಮುಸೊಲಿನಿ ಕಾಲದಲ್ಲಿ, ಹೆಣ್ಣುಮಕ್ಕಳ ವ್ಯಾಯಾಮ ಶಿಕ್ಷಣದ ಕಾಲೇಜಿಗೆ ಜಾಗ ಬೇಕೆಂದು ಮುಂದಿನ ಭಾಗವನ್ನೆಲ್ಲ ಕೆಡವಿದರು. ಉಳಿದದ್ದು ಹಿಂದಿನ ತುಂಡು. ಅದರೊಳಗೆ ಕಾರ್ಡಿನಲ್ (ಪೋಪ್ ನಂತರದ ದೊಡ್ಡ ಪಾದ್ರಿ) ದೆ ಬ್ರೇ ಅವರ ಸಮಾಧಿ. ಅವರು ತೀರಿಕೊಂಡದ್ದು 1282ರಲ್ಲಿ, ಕೆತ್ತಿದವನು ಅರ್ನೊಲ್ಫೊ ದಿ ಕಾಂಬಿಯೊ. ಕಲ್ಲಿನ ಮಂಚದ ಮೇಲೆ ಕಾರ್ಡಿನಲ್ ಮಲಗಿದ್ದಾರೆ, ಎರಡು ತುದಿಯಲ್ಲಿ ಇಬ್ಬರು ಹುಡುಗರು ಪರದೆ ಹಿಡಿದು ಎಳೆಯುತ್ತಿದ್ದಾರೆ. ಪರದೆಯ ನೆರಿಗೆ ನೋಡಿದರೆ ಕಲ್ಲು ಅಂತ ನಂಬುವುದು ಕಷ್ಟ. ಮೇಲೆ ಮಗುವನ್ನು ಹಿಡಿದ ಮೇರಿ.

"ಆ ಮೇರಿಯ ಮುಖವನ್ನು ಸರಿಯಾಗಿ ನೋಡಿ, ಕೆಳಗಿನವರ ಜೊತೆ ಹೋಲುತ್ತದಾ?" ಎಂದು ಗೈಡ್ ಕೇಳಿದರು. ಬೈನಾಕ್ಯುಲರ್ ಹಿಡಿದು ನೋಡಿದೆವು. ಹೋಲುವುದಿಲ್ಲ. ಅದು ಅರ್ನೊಲ್ಫೊ ಹೊಸದಾಗಿ ಕೆತ್ತಿದ ಮೂರ್ತಿಯೇ ಅಲ್ಲವಂತೆ. ರೋಮನ್ನರ ಕಾಲದ ಒಬ್ಬ ದೇವತೆಯ ವಿಗ್ರಹ, ಅವನು ಅದನ್ನೇ ತಿದ್ದಿ ಮೇರಿ ಮಾಡಿದ್ದಾನೆ. ಸಮಾಧಿಯನ್ನು ಬಿಚ್ಚಿ ದುರಸ್ತಿ ಮಾಡುವಾಗ ಇದು ಗೊತ್ತಾಯಿತು. ನಾವಿಬ್ಬರೇ ಹೋಗಿದ್ದರೆ ಐದು ನಿಮಿಷದಲ್ಲಿ ಹೊರಗೆ ಬರುತ್ತಿದ್ದೆವು, ಸುಮ್ನೆ ಒಂದು ಫೋಟೊ ತೆಗೆದುಕೊಂಡು.

ಊಟದ ನಂತರ ದುವೊಮೊ. ಮುಖ ಪಶ್ಚಿಮಕ್ಕಿದೆ, ಅದಕ್ಕೇ ಮಧ್ಯಾಹ್ನ ಇಳಿದ ಮೇಲೆ ಬಿಸಿಲು ನೇರ ಮೊಸಾಯಿಕ್ ಮೇಲೆ ಬೀಳುತ್ತದೆ. ಚಿನ್ನದ ಬಣ್ಣ ಕಣ್ಣು ಕುಕ್ಕುತ್ತದೆ. ಕಟ್ಟಲು ಶುರು ಮಾಡಿದ್ದು 1290ರಲ್ಲಿ. ಮೇಲಿನ ಹೊಳಪಿಗಿಂತ ನನಗೆ ಹಿಡಿಸಿದ್ದು ಕೆಳಗಿನ ನಾಲ್ಕು ಅಗಲ ಕಂಬಗಳ ಕೆತ್ತನೆ. ಸಿಯೆನಾದ ಲೊರೆಂಜೊ ಮೈತಾನಿಯ ಉಸ್ತುವಾರಿಯಲ್ಲಿ ಆದ ಕೆಲಸ. ಎಡತುದಿಯಲ್ಲಿ ಸೃಷ್ಟಿ, ಬಲತುದಿಯಲ್ಲಿ ಲೋಕದ ಕೊನೆಗೆ ಸತ್ತವರೆಲ್ಲ ಎದ್ದು ದೇವರ ಮುಂದೆ ನಿಲ್ಲುವ ಕೊನೆಯ ತೀರ್ಪು. ದೇವರು ಮಲಗಿದ ಆದಾಮನ ಪಕ್ಕೆಯಿಂದ ಎಲುಬು ತೆಗೆಯುವುದನ್ನು ಹತ್ತಿರದಿಂದಲೇ ನೋಡಬಹುದು. ಬಲಗಡೆ ನರಕಕ್ಕೆ ಹೋಗುವವರ ಬಾಯಿ ನೋಡಿದರೆ ಕಿರುಚಾಟ ಕೇಳಿಸುತ್ತದೆ.

ಒಳಗೆ, ಚರ್ಚಿನದೇ ಸಣ್ಣ ಪ್ರಾರ್ಥನಾ ಕೋಣೆಯಾದ ಸ್ಯಾನ್ ಬ್ರಿಜಿಯೊ ಚಾಪೆಲ್‌ನಲ್ಲಿ ಜೋರಾಗಿ ಮಾತಾಡುವಂತಿಲ್ಲ. ಅದಕ್ಕೆ ಗೈಡ್ ಹೊರಗೆ ಚೌಕದಲ್ಲೇ ಚಿತ್ರಗಳ ಪುಟ ಹಿಡಿದು ಎಲ್ಲ ವಿವರಿಸಿಬಿಟ್ಟರು. 1447ರಲ್ಲಿ ಫ್ರಾ ಆಂಜೆಲಿಕೊ ಅನ್ನುವ ಸನ್ಯಾಸಿ ಚಿತ್ರಕಾರ ಚಾವಣಿಯ ಒಂದಿಷ್ಟು ಬರೆದು ಹೋದ. ಮತ್ತೆ ಬರಲಿಲ್ಲ. ಅರ್ಧ ಶತಮಾನ ಕೆಲಸ ನಿಂತಿತು. 1499ರಲ್ಲಿ ಲೂಕಾ ಸಿನ್ಯೊರೆಲ್ಲಿ ಬಂದು ಗೋಡೆಗಳನ್ನು ತುಂಬಿಸಿದ. ಸತ್ತವರು ಏಳುವ ಗೋಡೆಯಲ್ಲಿ ನೆಲ ಸೀಳಿಕೊಂಡು ಕೈಯೂರಿ ಮೇಲೆ ಹತ್ತುವವರಿದ್ದಾರೆ, ಇನ್ನೂ ಮಾಂಸ ತುಂಬದ ಅಸ್ಥಿಪಂಜರಗಳೂ ಇವೆ. ಎದುರಿನ ಗೋಡೆಯಲ್ಲಿ ಕ್ರಿಸ್ತನಂತೆಯೇ ಕಾಣುವ ಕ್ರಿಸ್ತವಿರೋಧಿ, ಅಂದರೆ ಲೋಕದ ಕೊನೆಗೆ ಬರುವ ಸುಳ್ಳು ಕ್ರಿಸ್ತ, ಅವನ ಕಿವಿಯಲ್ಲಿ ಸೈತಾನ ಪಿಸುಗುಡುತ್ತಿದ್ದಾನೆ. ಎಡಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು: ಸಿನ್ಯೊರೆಲ್ಲಿ ತಾನೇ, ಅವನ ಹಿಂದೆ 1455ರಲ್ಲೇ ತೀರಿಕೊಂಡಿದ್ದ ಫ್ರಾ ಆಂಜೆಲಿಕೊ. ಕೆಲಸ ಶುರು ಮಾಡಿದವನನ್ನು ಮರೆಯಲಿಲ್ಲ, ಅಲ್ವಾ! ಬೆಳಿಗ್ಗೆ ಕಲಿತದ್ದು ತಲೆಯಲ್ಲಿತ್ತು. ಯಾವ ತುಂಡು ಒಂದು ದಿನದ ಗಾರೆ ಅಂತ ಅಂಚುಗಳನ್ನು ಹುಡುಕುತ್ತಾ ಕತ್ತು ನೋಯಿಸಿಕೊಂಡೆವು.

ಸಂತ ಪ್ಯಾಟ್ರಿಕ್ ಬಾವಿಗೆ ಗೈಡ್ ಬೇಕಿಲ್ಲ, ಮರುದಿನ ನಾವೇ ಹೋದೆವು. ಇಳಿಯಲು ಒಂದು ಸುತ್ತುದಾರಿ, ಹತ್ತಲು ಇನ್ನೊಂದು, ಒಂದೊಂದರಲ್ಲೂ 248 ಮೆಟ್ಟಿಲು. ಮಂಡಿ ನೋವಿರುವವರು ಮೇಲಿನಿಂದಲೇ ಬಗ್ಗಿ ನೋಡಿದರೆ ಸಾಕು.