ಬಯಲಿನ ಸವಾಲುಗಳ ಮೂಲಕ ಮಕ್ಕಳಲ್ಲಿ ಮುಂದಾಳತನ ಬೆಳೆಸುವ ಬಗೆ

ಮುಂದಾಳತನವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಲು ಬರುವುದಿಲ್ಲ. ತಾವೇ ತೀರ್ಮಾನಿಸಿ, ಆ ತೀರ್ಮಾನದ ಫಲವನ್ನು ತಾವೇ ಕಾಣುವ ಸಂದರ್ಭವನ್ನು ಮಕ್ಕಳಿಗೆ ಒದಗಿಸಬೇಕು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ ಅವರು ಸುಮಾರು 20 ಹುಡುಗರನ್ನು ಸಣ್ಣ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡದ ಹೊಣೆಯನ್ನು ಅದರಲ್ಲೇ ಇದ್ದ ಒಬ್ಬ ಹುಡುಗನಿಗೆ ಒಪ್ಪಿಸಿ ಶಿಬಿರ ನಡೆಸಿದರು. ಸ್ಕೌಟ್ ಚಳವಳಿ ಬೆಳೆದದ್ದು ಅಲ್ಲಿಂದಲೇ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಈ ಕ್ರಮ ಒಗ್ಗುತ್ತದೆ, ಆದರೆ ಕಾಯಂ ನಾಯಕರು ಬೇಡ. ಹಾಗೆ ಮಾಡಿದರೆ ಮೊದಲೇ ಮಾತುಗಾರನಾದ ಮಗುವಿಗಷ್ಟೇ ಅವಕಾಶ ಸಿಗುತ್ತದೆ, ಹಿಂದೆ ನಿಲ್ಲುವ ಮಗು ಹಿಂದೆಯೇ ಉಳಿಯುತ್ತದೆ. ಐದಾರು ಮಕ್ಕಳ ತಂಡ ಮಾಡಿ, ಪ್ರತಿ ಚಟುವಟಿಕೆಗೂ ಮುಂದಾಳನ್ನು ಬದಲಿಸಿ.

ಬಯಲಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಒಮ್ಮೆ ನೀವೇ ಹೋಗಿ ಜಾಗವನ್ನು ನಡೆದು ನೋಡಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು, ಉಬ್ಬಸವಿರುವ ಮಗುವಿನ ಇನ್‌ಹೇಲರ್ ಜೊತೆಯಲ್ಲಿರಲಿ. ಗುಡುಗು ಕೇಳಿದೊಡನೆ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ.

ಸವಾಲು ಚಿಕ್ಕದಾಗಿರಲಿ, ಆದರೆ ನಿಜವಾದದ್ದಾಗಿರಲಿ. ಒಂದು ಟಾರ್ಪಾಲು, ನಾಲ್ಕು ಹಗ್ಗ ಕೊಟ್ಟು, ಎರಡು ಮರಗಳ ನಡುವೆ ತಂಡದವರೆಲ್ಲ ಕೂರುವಷ್ಟು ನೆರಳು ಕಟ್ಟಲು ಹೇಳಿ. ಅರ್ಧ ಗಂಟೆ ಸಾಕು. ಗಂಟು ಹಾಕುವುದನ್ನು ಮಾತ್ರ ಮೊದಲೇ ಕಲಿಸಿ, ಉಳಿದದ್ದನ್ನು ಅವರಿಗೆ ಬಿಡಿ. ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ, ಒಂದು ಮೂಲೆ ಕಟ್ಟುವಷ್ಟರಲ್ಲಿ ಇನ್ನೊಂದು ಜಾರುತ್ತದೆ, ಮುಂದಾಳಾದ ಮಗು ತಿರುಗಿ ನಿಮ್ಮ ಮುಖ ನೋಡುತ್ತದೆ. ಆಗ ಸುಮ್ಮನಿರುವುದೇ ನಿಮ್ಮ ಅತಿ ಕಠಿಣ ಕೆಲಸ. ಅಪಾಯವಿಲ್ಲದಿದ್ದರೆ ಕೈಯನ್ನೂ ಬಾಯನ್ನೂ ಬಿಗಿಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಯಾವುದೋ ಮಗು, ಬಹಳ ಸಲ ತರಗತಿಯಲ್ಲಿ ತುಟಿ ಬಿಚ್ಚದ ಮಗುವೇ, ‘ನೀನು ಇದನ್ನು ಹಿಡಿದುಕೋ, ನಾನು ಕಟ್ಟುತ್ತೇನೆ’ ಎನ್ನುತ್ತದೆ. ಅದನ್ನು ಕೇಳುವ ಸಲುವಾಗಿಯೇ ಇಷ್ಟೆಲ್ಲ ಏರ್ಪಾಡು ಮಾಡಿದ್ದು ಎಂದು ನಾನು ತಿಳಿಯುತ್ತೇನೆ.

ಹೆದರುವ ಮಗುವನ್ನು ಬಲವಂತಪಡಿಸಬಾರದು, ಹಾಗೆಂದು ಹೊರಗೂ ಕೂರಿಸಬಾರದು. ದಿಮ್ಮಿಯ ಮೇಲೆ ನಡೆಯಲು ಅಂಜುವ ಮಗು ಎಷ್ಟು ದೂರ ನಡೆಯುವುದೆಂದು ತಾನೇ ನಿರ್ಧರಿಸಲಿ, ಪಕ್ಕದಲ್ಲಿ ಕೈ ಹಿಡಿಯುವವರು ಯಾರೆಂದು ತಾನೇ ಆರಿಸಿಕೊಳ್ಳಲಿ. ತಂಡಗಳ ನಡುವೆ ಬಹುಮಾನದ ಪೈಪೋಟಿ ಇಡದಿರುವುದು ಲೇಸು. ಗೆಲ್ಲುವ ಆತುರದಲ್ಲಿ ನಿಧಾನವಾಗಿರುವ ಮಗು ತಂಡಕ್ಕೆ ಹೊರೆಯಾಗಿ ಕಾಣುತ್ತದೆ.

ಕೆಲಸ ಮುಗಿದ ಕೂಡಲೇ ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ, ಹತ್ತು ನಿಮಿಷ ಮಾತನಾಡಿ. ಏನು ನಡೆಯಿತು, ಎಲ್ಲಿ ತೊಡಕಾಯಿತು, ಯಾರ ನೆರವು ಒದಗಿತು, ಮುಂದಿನ ಸಲ ಏನನ್ನು ಬದಲಿಸುತ್ತೀರಿ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ‘ಶಭಾಷ್’ ಎಂದಷ್ಟೇ ಹೇಳಿದರೆ ಮಗುವಿಗೆ ತಾನು ಮಾಡಿದ್ದೇನೆಂದು ತಿಳಿಯುವುದಿಲ್ಲ. ‘ಗಂಟು ಬಿಚ್ಚಿದ್ದು ನಿನ್ನಿಂದ ಎಂದು ನೀನೇ ಒಪ್ಪಿಕೊಂಡೆ, ಅದರಿಂದ ಎಲ್ಲರಿಗೂ ಸರಿಪಡಿಸಲು ಸುಲಭವಾಯಿತು’ ಎಂದರೆ ತಿಳಿಯುತ್ತದೆ. ಕುಸಿದ ನೆರಳಿನ ಕೆಳಗೂ ಈ ಮಾತುಕತೆ ನಡೆಯಲಿ. ಮುಂದಿನ ವಾರ ಅದೇ ಟಾರ್ಪಾಲು, ಅದೇ ಹಗ್ಗಗಳನ್ನು ಅದೇ ತಂಡಕ್ಕೆ, ಬೇರೆ ಮುಂದಾಳಿನ ಕೈಗೆ ಕೊಡಿ.