ನೂರು ಯೂರೋ ಒಳಗೆ ವಿಯೆನ್ನಾದ ಸಂಗೀತ ಹಬ್ಬ: ನನ್ನ ಅನುಭವ

94 ಯೂರೋ. 2025ರಲ್ಲಿ ಶುಕ್ರವಾರ ಬೆಳಿಗ್ಗೆ ಮ್ಯೂನಿಕ್ ಬಿಟ್ಟು ಭಾನುವಾರ ರಾತ್ರಿ ರೂಮಿಗೆ ವಾಪಸ್ ಬರೋ ತನಕ ನನ್ನ ಕೈಯಿಂದ ಹೋದದ್ದು ಇಷ್ಟೇ. ಲೆಕ್ಕ ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಯೂರೋ ಆಚೀಚೆ ಇರಬಹುದು. ನೂರರೊಳಗೆ ಆಗಲ್ಲ ಅಂತ ನಮ್ಮ ಹಾಸ್ಟೆಲ್ಲಿನಲ್ಲಿ ಎಲ್ಲರೂ ಹೇಳಿದ್ದರು. ಆಯಿತು.

ಡೊನಾವ್‌ಇನ್ಸೆಲ್‌ಫೆಸ್ಟ್ ಅಂದರೆ ವಿಯೆನ್ನಾದಲ್ಲಿ ಡ್ಯಾನ್ಯೂಬ್ ನದಿಯ ದ್ವೀಪದ ಮೇಲೆ ನಡೆಯೋ ಸಂಗೀತ ಹಬ್ಬ. 1984ರಿಂದ ನಡೆಯುತ್ತಿದೆ, ಮೂರು ದಿನ, ಪ್ರವೇಶ ಉಚಿತ. ಉಚಿತ ಅನ್ನೋ ಮಾತಿಗೇ ನಾವು ಮೋಸ ಹೋಗೋದು. ಟಿಕೆಟ್ ಇಲ್ಲ ಅಲ್ವಾ ಅಂತ ಕೊನೇ ವಾರದಲ್ಲಿ ಹೊರಡುತ್ತೇವೆ. ಆಮೇಲೆ ರೈಲು, ಹಾಸಿಗೆ, ಊಟ ಎಲ್ಲ ಸೇರಿ ಜೇಬು ಖಾಲಿ.

2024ರಲ್ಲಿ ನನಗೆ ಆದದ್ದೂ ಇದೇ. ಆಗ ಜರ್ಮನಿಯಲ್ಲಿ ಯೂರೋ ಕಪ್ ಫುಟ್‌ಬಾಲ್ ನಡೆಯುತ್ತಿತ್ತು. ರೈಲು ದರ ಕೈಗೆ ಎಟುಕಲಿಲ್ಲ, ಬಸ್ಸಿನಲ್ಲಿ ಹೋದೆವು. ಹೋಗುವಾಗ ಪರವಾಗಿಲ್ಲ. ಬರುವಾಗ ಭಾನುವಾರ ರಾತ್ರಿಯ ಬಸ್ಸು ಮೂರು ಗಂಟೆ ತಡ. ಸೋಮವಾರದ ಲ್ಯಾಬ್ ತಪ್ಪಿತು, ಅದನ್ನು ಇನ್ನೊಂದು ಸೆಮಿಸ್ಟರ್‌ನಲ್ಲಿ ಮಾಡಬೇಕಾಯಿತು. ಹಾಸ್ಟೆಲ್ ಹಾಸಿಗೆಗೆ ಒಂದು ರಾತ್ರಿಗೆ 60ರ ಹತ್ತಿರ ಕೊಟ್ಟೆವು. ಒಟ್ಟು 270 ದಾಟಿತ್ತು. ಪಾರ್ಟ್‌ಟೈಮ್ ಕೆಲಸದ ಅರ್ಧ ತಿಂಗಳ ದುಡ್ಡು ಅದು.

ಆ ವರ್ಷದ ಇನ್ನೊಂದು ನಷ್ಟ ಈಗಲೂ ಹೊಟ್ಟೆ ಉರಿಸುತ್ತದೆ. ಶಿರಸಿಯಿಂದ ಅಮ್ಮ ಕಳಿಸಿದ್ದ ಜೀರಿಗೆ ಮಿಡಿ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲೇ ತಂದಿದ್ದೆ. ಗೇಟಿನಲ್ಲಿ ಗಾಜು ಬಿಡಲ್ಲ. ಕಾವಲಿನ ಹುಡುಗಿ ಪಾಪ ಒಳ್ಳೆಯವಳು, ಬೇಕಾದರೆ ಇಲ್ಲೇ ತಿಂದು ಹೋಗಿ ಅಂದಳು. ಮುಚ್ಚಳ ತೆಗೆದದ್ದೇ ಆ ಘಮ ಇಡೀ ಸಾಲಿಗೆ ಹರಡಿತು. ಹುಲ್ಲಿನ ಮೇಲೆ ಕುಳಿತು ಒಬ್ಬೊಬ್ಬರು ಎರಡೆರಡು ಮಿಡಿ ತಿಂದೆವು, ರಸವನ್ನು ಚಪಾತಿಗೆ ಸವರಿಕೊಂಡೆವು. ಉಳಿದ ಅರ್ಧ ಬಾಟಲಿ ಕಸದ ಡಬ್ಬಿಗೆ ಹೋಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ. 2025ರಲ್ಲಿ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಹೋದೆ.

ಸರಿ, 2025ರ ದಾರಿ. ನಮ್ಮ ಹತ್ತಿರ ಹೇಗೂ 38 ಯೂರೋದ ವಿದ್ಯಾರ್ಥಿ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಜರ್ಮನಿಯ ಸ್ಥಳೀಯ ರೈಲುಗಳ ತಿಂಗಳ ಪಾಸ್, ಇತ್ತು; ಅದನ್ನು 94ರಲ್ಲಿ ಸೇರಿಸಿಲ್ಲ. ಅದು ಗಡಿ ದಾಟಿ ಸಾಲ್ಜ್‌ಬರ್ಗ್ ಸ್ಟೇಷನ್ ತನಕ ನಡೆಯುತ್ತದೆ. ಅಲ್ಲಿಂದ ಆಸ್ಟ್ರಿಯಾದ ಐನ್‌ಫಾಖ್ ರೌಸ್ ಟಿಕೆಟ್. ಐದು ಜನ ಒಂದೇ ಟಿಕೆಟ್‌ನಲ್ಲಿ ಪ್ಯಾಸೆಂಜರ್ ರೈಲುಗಳಲ್ಲಿ ದಿನವಿಡೀ ಹೋಗಬಹುದು. ಒಂದು ದಿನಕ್ಕೆ ತಲೆಗೆ ಹನ್ನೊಂದು ಹನ್ನೆರಡು ಯೂರೋ ಬಿತ್ತು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರವೇ ನಡೆಯುತ್ತದೆ, ಇದನ್ನು ಮರೆಯಬೇಡಿ. ನಾವು ಆರೂವರೆಗೆ ಮ್ಯೂನಿಕ್ ಬಿಟ್ಟು, ಸಾಲ್ಜ್‌ಬರ್ಗ್‌ನಲ್ಲಿ ಕಾಫಿ ಕುಡಿದು, ಒಂಬತ್ತು ಹೊಡೆದ ಮೇಲೆ ಹತ್ತಿದೆವು.

"ಎಂಟು ತಾಸು ರೈಲಿನ್ಯಾಗ ಕುಂತು ಹೋಗೋದಾ? ನಾ ಬರಂಗಿಲ್ಲ ನೋಡಪಾ" ಅಂದಿದ್ದ ನಮ್ಮ ಹುಬ್ಬಳ್ಳಿಯ ಗೆಳೆಯ. ಅವನು ಬರದಿದ್ದರೆ ಐದು ಜನ ಆಗುತ್ತಿರಲಿಲ್ಲ, ಎಲ್ಲರ ಪಾಲು ಜಾಸ್ತಿ ಆಗುತ್ತಿತ್ತು. ಎರಡು ದಿನ ಹಿಂದೆ ಬಿದ್ದು ಒಪ್ಪಿಸಿದೆ. ವಾಲರ್‌ಸೀ ಸರೋವರ ಕಿಟಕಿಯಲ್ಲಿ ಕಂಡಾಗ ಕುರ್ಚಿ ಬಿಟ್ಟು ಎದ್ದು ನಿಂತವನು ಅವನೇ. ಲಿಂಜ್‌ನಲ್ಲಿ ಬದಲಾಯಿಸಿ, ಮುಂದೆ ಇನ್ನೊಮ್ಮೆ ಬದಲಾಯಿಸಿ, ಎರಡೂವರೆ ಹೊತ್ತಿಗೆ ವಿಯೆನ್ನಾ. ಲಿಂಜ್‌ನಲ್ಲಿ ಐವರಿಗೂ ಒಟ್ಟಿಗೆ ಸೀಟು ಸಿಗೋಕೆ ನನ್ನದೊಂದು ಉಪಾಯ ಇದೆ. ಅದನ್ನು ಬರೆದರೆ ಮುಂದಿನ ವರ್ಷ ನನಗೇ ಸಿಗಲ್ಲ.

ಊರೊಳಗೆ 48 ಗಂಟೆಯ ಪಾಸ್, ಆಗ 14 ಯೂರೋ ಚಿಲ್ಲರೆ ಇತ್ತು. ಎರಡೂವರೆಗೆ ಪಂಚ್ ಮಾಡಿದ್ದು ಭಾನುವಾರ ನಾವು ಹೊರಡೋ ತನಕ ಸರಿಯಾಗಿ ಬಂತು. 24 ಗಂಟೆಯದ್ದು ಎರಡು ತಗೊಂಡಿದ್ದರೆ ಸುಮ್ನೆ ಜಾಸ್ತಿ ಖರ್ಚಾಗುತ್ತಿತ್ತು. ಶುಕ್ರವಾರ, ಶನಿವಾರ ರಾತ್ರಿ ಯು-ಬಾನ್ (ಅಲ್ಲಿನ ಮೆಟ್ರೋ) ಬೆಳಗಿನವರೆಗೂ ಓಡುತ್ತದೆ, ಟ್ಯಾಕ್ಸಿಯ ಮಾತೇ ಬೇಡ.

ಉಳಿದುಕೊಂಡ ಜಾಗ? ಯು1 ಮೆಟ್ರೋ ಮಾರ್ಗ, ನದಿಯ ಆಚೆ ಬದಿ. ಇಷ್ಟು ಮಾತ್ರ ಹೇಳುತ್ತೇನೆ. ಎರಡು ರಾತ್ರಿಗೆ ತಲೆಗೆ 46. ಮಾರ್ಚ್‌ನಲ್ಲೇ ಹಿಡಿದಿದ್ದೆ.

ದ್ವೀಪಕ್ಕೆ ಎಲ್ಲರೂ ಯು1ರಲ್ಲಿ ಹೋಗಿ ಸೇತುವೆ ಕೆಳಗೇ ಸಿಕ್ಕಿಕೊಳ್ಳುತ್ತಾರೆ. ನಾವು ಯು6 ಹಿಡಿದು ಉತ್ತರದ ತುದಿಯಲ್ಲಿ ಇಳಿದು ಕೆಳಗೆ ನಡೆಯುತ್ತ ಬಂದೆವು. ಹಬ್ಬದ ಜಾಗ ನಾಲ್ಕೂವರೆ ಕಿಲೋಮೀಟರ್. ನಡೆದಷ್ಟೂ ಸಂಗೀತ ಬದಲಾಗುತ್ತದೆ. ಒಂದು ವೇದಿಕೆಯ ರಾಕ್ ಹಿಂದೆ ಸಣ್ಣದಾಗುತ್ತ ಹೋಗಿ, ಮುಂದಿನ ವೇದಿಕೆಯ ಟ್ರಂಪೆಟ್ ಕಿವಿಗೆ ಬೀಳುವ ಒಂದು ಜಾಗ ಇರುತ್ತದೆ. ಎರಡೂ ಅರ್ಧರ್ಧ ಕೇಳಿಸುತ್ತವೆ. ಅಲ್ಲಿ ಐದು ನಿಮಿಷ ನಿಂತುಬಿಟ್ಟೆ. ನನಗೆ ಇಡೀ ಹಬ್ಬದಲ್ಲಿ ತುಂಬಾ ಹಿಡಿಸಿದ್ದು ಅದೇ. 21 ಕಿಲೋಮೀಟರ್ ಉದ್ದದ ಈ ದ್ವೀಪ ಪ್ರವಾಹ ತಡೆಯಲು ತೋಡಿದ ಕಾಲುವೆಯ ಮಣ್ಣಿನಿಂದ ಆದದ್ದು, ಕೆಲಸ 1972ರಿಂದ 1988ರವರೆಗೆ ನಡೆಯಿತು. ಹಾಗಾಗಿ ದಡ ಇಳಿಜಾರು. ಹಿಂದೆ ಕುಳಿತರೂ ವೇದಿಕೆ ಕಾಣುತ್ತದೆ, ಮುಂದೆ ಹೋಗಿ ನೂಕಾಡಬೇಕಿಲ್ಲ.

ಊಟ ಪೂರ್ತಿ ಮನೆಯದು. ಚಪಾತಿ ಮೂವತ್ತು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ. ಬಿಸಿ ಅನ್ನವನ್ನು ರೂಮಿನಲ್ಲೇ ಮಾಡಿಕೊಂಡೆವು. ಮೊಸರು, ಹಣ್ಣು ಶುಕ್ರವಾರ ಸಂಜೆಯೇ ತಂದಿಟ್ಟುಕೊಳ್ಳಿ. ಶನಿವಾರ ಆರಕ್ಕೆ ಅಂಗಡಿ ಬಂದ್, ಭಾನುವಾರ ಪೂರ್ತಿ ಬಂದ್. ಪ್ರಾಟರ್‌ಸ್ಟೆರ್ನ್ ಸ್ಟೇಷನ್ನಿನ ಅಂಗಡಿ ತೆರೆದಿರುತ್ತದೆ, ಆದರೆ ಸಾಲು ದೊಡ್ಡದು. ನೀರಿಗೆ ಕಾಸು ಕೊಡಬೇಡಿ, ವಿಯೆನ್ನಾದ ನಲ್ಲಿಯಲ್ಲಿ ಬರೋದು ಬೆಟ್ಟದ ಚಿಲುಮೆ ನೀರು. ಹೊರಗೆ ತಿಂದದ್ದು, ಕುಡಿದದ್ದು ಸೇರಿ ಹನ್ನೊಂದು ಯೂರೋ.

ಬಾಟಲಿ ಪ್ರಯೋಗವೂ ಮಾಡಿದೆ. 2025ರ ಜನವರಿಯಿಂದ ಆಸ್ಟ್ರಿಯಾದಲ್ಲೂ ಖಾಲಿ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್ ವಾಪಸ್. ಮ್ಯೂನಿಕ್‌ನಿಂದ ತಂದ ಆರು ಬಾಟಲಿಗಳನ್ನು ಅಲ್ಲಿನ ಯಂತ್ರ ಮುಟ್ಟಲಿಲ್ಲ, ಅಲ್ಲಿನ ಗುರುತು ಇರಬೇಕು. ದ್ವೀಪದಲ್ಲಿ ಬಿದ್ದದ್ದು ಆರಿಸಿ ಹಾಕಿದೆ, ಜಜ್ಜಿದ್ದನ್ನು ತಗೊಳ್ಳಲ್ಲ. ಆದರೂ ಮೂರು ಯೂರೋ ಚಿಲ್ಲರೆ ಬಂತು. ಐಸ್‌ಕ್ರೀಮ್ ಆಯಿತು.

ಶನಿವಾರ ಬೆಳಿಗ್ಗೆ 71ನೇ ನಂಬರಿನ ಟ್ರಾಮ್ ಹಿಡಿದು ದೊಡ್ಡ ಸ್ಮಶಾನಕ್ಕೆ ಹೋದೆವು. ಬೀಥೋವನ್, ಶೂಬರ್ಟ್, ಬ್ರಾಮ್ಸ್, ಯೋಹಾನ್ ಸ್ಟ್ರೌಸ್ ಈ ಸಂಗೀತಗಾರರೆಲ್ಲರ ಸಮಾಧಿಯೂ ಅಕ್ಕಪಕ್ಕದಲ್ಲೇ. ಸ್ಟ್ರೌಸ್ ಹುಟ್ಟಿ 2025ಕ್ಕೆ 200 ವರ್ಷ. ಶೂಬರ್ಟ್ ಬದುಕಿದ್ದು 31 ವರ್ಷ ಮಾತ್ರ. ನಮ್ಮ ಗುಂಪಿನಲ್ಲಿ ಪಿಟೀಲು ಕಲಿತವಳೊಬ್ಬಳು ಇದ್ದಾಳೆ. ಅವಳು ಚಪ್ಪಲಿ ಕಳಚಿಟ್ಟು ಶೂಬರ್ಟ್ ಸಮಾಧಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾವೂ ಹಾಗೇ ಮಾಡಿದೆವು. ಮಧ್ಯಾಹ್ನ ದ್ವೀಪದ ಪಕ್ಕದ ಕಾಲುವೆ ಹೊಸ ಡ್ಯಾನ್ಯೂಬ್‌ನಲ್ಲಿ ಈಜು, ಅದೂ ಉಚಿತ.

ಎಲ್ಲರೂ ಜಗಳ ಆಡಿದ್ದು ಭಾನುವಾರದ ಬಗ್ಗೆ. ಕೊನೇ ದಿನದ ಕಾರ್ಯಕ್ರಮ ಬಿಟ್ಟು ಮಧ್ಯಾಹ್ನ ಹನ್ನೆರಡಕ್ಕೆ ರೈಲು ಹತ್ತಬೇಕು ಅಂದೆ. ಇಬ್ಬರು ಮುಖ ಊದಿಸಿಕೊಂಡರು. ನಾನು ಬಗ್ಗಲಿಲ್ಲ. ರಾತ್ರಿ ಬಸ್ಸಿನ ಕಥೆ ನನಗೆ ಗೊತ್ತಿತ್ತು.

ಗಡಿ ದಾಟಿದ ಮೇಲಿನ ಜರ್ಮನಿಯ ಸ್ಟೇಷನ್ ಫ್ರೈಲಾಸಿಂಗ್‌ನಲ್ಲಿ ಪೊಲೀಸರು ಹತ್ತಿದರು. ಐದು ಪಾಸ್‌ಪೋರ್ಟ್, ಐದು ರೆಸಿಡೆನ್ಸ್ ಕಾರ್ಡ್ ನನ್ನ ಒಂದೇ ಚೀಲದಲ್ಲಿ ಇದ್ದವು. ಮೊಬೈಲಿನ ಫೋಟೋ ತೋರಿಸಲು ಹೋದ ಪಕ್ಕದ ಸೀಟಿನ ಹುಡುಗನನ್ನು ಕೆಳಗಿಳಿಸಿದರು. ನಮ್ಮದು ಎರಡು ನಿಮಿಷದಲ್ಲಿ ಮುಗಿಯಿತು. ರಾತ್ರಿ ಎಂಟಕ್ಕೆ ಮ್ಯೂನಿಕ್, ಸೋಮವಾರ ಎಂಟಕ್ಕೆ ಕ್ಲಾಸ್‌ನಲ್ಲಿ ಐದೂ ಜನ ಹಾಜರ್.

ಮುಂದಿನ ಸಲ ನಾವೂ ಬರುತ್ತೇವೆ ಅಂತ ಈಗಾಗಲೇ ಮೂವರು ಕೇಳಿದ್ದಾರೆ. ಒಂದು ಟಿಕೆಟ್‌ಗೆ ಐದೇ ಜನ. ಇನ್ನಿಬ್ಬರನ್ನು ಹುಡುಕಿಕೊಂಡು ಬನ್ನಿ, ನಿಮ್ಮದೇ ಇನ್ನೊಂದು ಟಿಕೆಟ್ ತಗೊಳ್ಳಿ ಅಂದಿದ್ದೇನೆ.