ಸ್ಲೋ ಲೋಕಲ್, ಫಾಸ್ಟ್ ಲೋಕಲ್: ಪುಟಾಣಿಗಳ ಜೊತೆ ಹಾಡಾಟ ಹೀಗೆ ಮಾಡಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಶನಿವಾರ ಸಂಜೆ ಬಿಲ್ಡಿಂಗ್‌ನ ಐದಾರು ಮಕ್ಕಳು ಬರ್ತಾವೆ, ಎಲ್ಲಾ ಎರಡರಿಂದ ಐದು ವರ್ಷದವು, ಮನೇಲಿ ಕನ್ನಡನೋ ತುಳುನೋ, ಕೆಳಗೆ ಆಡೋಕೆ ಹೋದ್ರೆ ಮರಾಠಿ ಹಿಂದಿ. ಕೆಲವು ಹೊಸಬರನ್ನ ಕಂಡ್ರೆ ಬಾಯೇ ಬಿಡಲ್ಲ. ಆದ್ರೆ ಕೈಗೆ ಒಂದು ಡಬ್ಬಿ ಕೊಟ್ಟು ನೋಡಿ. ಮ್ಯೂಸಿಕ್ ಥೆರಪಿ, ಅಂದ್ರೆ ಸಂಗೀತದ ಮೂಲಕ ಚಿಕಿತ್ಸೆ, ಮಾಡೋರು ಮಕ್ಕಳ ಜೊತೆ ಬಳಸೋ ಕೆಲವು ಉಪಾಯಗಳನ್ನ ನಾವೂ ಮನೇಲಿ ಆಟವಾಗಿ ಮಾಡಬಹುದು. ನಾವು ಮಾಡೋದು ಥೆರಪಿ ಅಲ್ಲ, ಅದಕ್ಕೆ ತರಬೇತಿ ಆದವರೇ ಬೇಕು. ಮತ್ತೆ ಮಗು ಸದ್ದಿಗೆ ಬೆಚ್ಚಲ್ಲ, ಇಲ್ಲಾ ಒಂದು ವರ್ಷ ಆದ್ರೂ ಹೆಸರು ಕರೆದಾಗ ತಿರುಗಲ್ಲ ಅಂದ್ರೆ ಹಾಡು ಆಮೇಲೆ, ಮೊದಲು ಡಾಕ್ಟರ್ ಹತ್ರ ಹೋಗಿ ಕಿವಿ ಟೆಸ್ಟ್ ಮಾಡಿಸಿ.

ಮೊದಲು ಟಿವಿ ಆಫ್ ಮಾಡಿ, ಮೊಬೈಲ್ ಒಳಗಿಡಿ, ಚಾಪೆ ಹಾಸಿ. ಪ್ಲಾಸ್ಟಿಕ್ ಡಬ್ಬಿ, ಮರದ ಸೌಟು, ಹಳೇ ಗೆಜ್ಜೆ ಇದ್ರೆ ಸಾಕು. ಸ್ಟೀಲ್ ತಟ್ಟೆಗೆ ಸ್ಟೀಲ್ ಚಮಚ ಬೇಡ, ಸದ್ದು ಕಿವಿಗೆ ಚುಚ್ಚುತ್ತೆ. ಚಿಕ್ಕ ಬಾಟಲಿಗೆ ಒಂದು ಹಿಡಿ ಹೆಸರುಕಾಳು ಹಾಕಿ ಅಲ್ಲಾಡಿಸೋಕೆ ಕೊಡಬಹುದು, ಆದ್ರೆ ಮುಚ್ಚಳಕ್ಕೆ ಗಟ್ಟಿಯಾಗಿ ಟೇಪ್ ಸುತ್ತಿ, ಮೂರು ವರ್ಷದೊಳಗಿನವು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ತಾವೆ, ಮೂಗಿಗೂ ಹಾಕ್ತಾವೆ. ಗೆಜ್ಜೆಯ ಗುಂಡು ಬಿಚ್ಚಿಕೊಂಡಿದೆಯಾ ಅಂತಾನೂ ನೋಡ್ಕೊಳ್ಳಿ.

ಶುರು ಮಾಡೋದು ಪ್ರತೀ ಸಲ ಒಂದೇ ಹಾಡಿಂದ. ‘ಯಾರು ಬಂದ್ರು ಯಾರು ಬಂದ್ರು’ ಅಂತ ನಾನೇ ಕಟ್ಟಿದ ಎರಡು ಸಾಲು, ಕೊನೇಲಿ ಒಬ್ಬೊಬ್ಬರ ಹೆಸರು ಬರುತ್ತೆ. ಮುಂದೇನು ಅಂತ ಮಗುಗೆ ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ಮುಖ ಮುಚ್ಚಿಕೊಂಡ ಮಗುವಿನ ಹೆಸರನ್ನೂ ಹಾಡಿ, ‘ನೀನೂ ಹೇಳು’ ಅಂತ ಮಾತ್ರ ಒತ್ತಾಯ ಮಾಡಬೇಡಿ.

ಆಮೇಲಿನದು ಬಹಳ ಮುಖ್ಯ: ಮಗು ಬಡಿದ ಹಾಗೆ ನೀವು ಬಡೀರಿ. ಅಮೆರಿಕದ ಪಿಯಾನೋ ವಾದಕ ಪಾಲ್ ನಾರ್ಡಾಫ್, ಇಂಗ್ಲೆಂಡಿನ ಟೀಚರ್ ಕ್ಲೈವ್ ರಾಬಿನ್ಸ್ 1959ರಲ್ಲಿ ವಿಶೇಷ ಮಕ್ಕಳ ಜೊತೆ ಕೆಲಸ ಶುರು ಮಾಡಿದಾಗ ಹಿಡಿದ ದಾರಿ ಇದೇ, ಮಗು ಡ್ರಮ್ ಹೊಡೆದ್ರೆ, ಅತ್ರೂ ಕೂಡ, ಅದರ ಜೊತೆಗೇ ಸಂಗೀತ ಹುಟ್ಟಿಸೋದು. ನಮ್ಮ ಹಾಲ್‌ನಲ್ಲಿ ಮೂರು ವರ್ಷದ ಹುಡುಗ ಒಬ್ಬ ನಾಲ್ಕು ವಾರ ಸೋಫಾದ ಹಿಂದೇನೇ ಕೂತಿದ್ದ. ಐದನೇ ವಾರ ಅಲ್ಲಿಂದಲೇ ಟಕ್ ಟಕ್ ಅಂತ ಎರಡು ಸಲ ನೆಲ ತಟ್ಟಿದ. ನಾನೂ ಎರಡು ತಟ್ಟಿದೆ. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಮೂರು ಬಂತು, ನಾನೂ ಮೂರು ತಟ್ಟಿದೆ, ಸೋಫಾದ ಪಕ್ಕದಿಂದ ಒಂದು ಕಣ್ಣು ಕಾಣಿಸ್ತು. ಅವತ್ತು ನಂಗೆ ಗಂಟಲು ಕಟ್ಟಿತು, ನಿಜವಾಗ್ಲೂ.

ಈಗ ಲೋಕಲ್ ಟ್ರೈನ್ ಆಟ. ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು. ಕುಣಿದಾಡೋ ಮೂಡ್‌ನಲ್ಲಿದ್ರೆ ಫಾಸ್ಟ್ ಲೋಕಲ್‌ನಿಂದಲೇ ಶುರು, ಧಡಧಡ ಡಬ್ಬಿ ಬಡೀತಾ ಓಡಲಿ, ಆಮೇಲೆ ಸ್ಲೋ ಲೋಕಲ್, ಆಮೇಲೆ ಸ್ಟೇಷನ್ ಬಂತು ಅಂತ ಪೂರ್ತಿ ನಿಲ್ಲಿಸಿ. ಮಗು ಈಗ ಯಾವ ವೇಗದಲ್ಲಿದೆಯೋ ಅಲ್ಲಿಗೆ ಮೊದಲು ನಾವು ಹೋಗಿ, ಅಲ್ಲಿಂದ ಮೆಲ್ಲಗೆ ಇಳಿಸಿಕೊಂಡು ಬರೋದು ಮ್ಯೂಸಿಕ್ ಥೆರಪಿಯ ಹಳೇ ಸೂತ್ರ, ಕಿರುಚ್ತಿರೋ ಮಗುಗೆ ತಟ್ಟನೆ ಲಾಲಿ ಹಾಡಿದ್ರೆ ಅದು ಇನ್ನೂ ಜೋರು ಮಾಡಬಹುದು. ಹಾಡಲ್ಲೂ ಹೀಗೇ ನಿಲ್ಲೋ ಜಾಗ ಇರಲಿ. ಹಾಡಿನ ಕೊನೇ ಪದದ ಮುಂಚೆ ಸುಮ್ಮನಾಗಿ ಮಗು ಮುಖ ನೋಡಿ, ಹತ್ತು ಎಣಿಸುವಷ್ಟಾದ್ರೂ ಕಾಯಿರಿ, ಆ ಪದ ಅದರ ಬಾಯಿಂದಲೇ ಬರಬಹುದು, ಬರೀ ಕೈ ಎತ್ತಿದ್ರೂ ಸಾಕು. ನಮಗೆ ಅವಸರ, ನಾವೇ ಹೇಳಿಬಿಡ್ತೀವಿ.

ಯಾವುದಾದ್ರೂ ಮಗು ಕಿವಿ ಮುಚ್ಚಿಕೊಂಡ್ರೆ ತಕ್ಷಣ ಸದ್ದು ಇಳಿಸಿ. ಗಣಪತಿ ಟೈಮಲ್ಲಿ ಢೋಲ್ ತಾಶಾದ ಹತ್ರ ಎತ್ತಿಕೊಂಡು ನಿಲ್ಲಲೇಬೇಡಿ. ಹೆಡ್‌ಫೋನ್‌ಗೂ ಮಕ್ಕಳಿಗೆ 75 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ, ಇಷ್ಟೇ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನನ್ನ ಕೇಳಿದ್ರೆ ಈ ವಯಸ್ಸಿಗೆ ಹೆಡ್‌ಫೋನೇ ಬೇಡ.

ಕೊನೆಗೆ ಬೀಸುಕಲ್ಲು. ಇದು ಮೂರನೇ ಮಹಡಿಯ ಧಾರವಾಡದ ಅಜ್ಜಿ ಕಲಿಸಿದ್ದು. ಇಬ್ಬರು ಮಕ್ಕಳು ಎದುರುಬದುರು ಕೂತು ಕೈ ಕೈ ಹಿಡಿದು ಕಲ್ಲು ತಿರುಗಿಸೋ ಹಾಗೆ ಮೈ ಸುತ್ತಿಸಬೇಕು, ಅಜ್ಜಿ ಬೀಸೋ ಪದ ಹೇಳ್ತಾರೆ, ಒಂದೇ ನಿಧಾನದ ಓಟ. ‘ನನಗೆ ಹಾಡೋಕೆ ಬರಲ್ಲ ಅಜ್ಜಿ’ ಅಂತ ಒಬ್ಬ ಅಮ್ಮ ಅಂದಾಗ ಅಜ್ಜಿ, ‘ಧ್ವನಿ ಹ್ಯಾಂಗರ ಇರ್ಲವ್ವಾ, ಕೈ ನಿಲ್ಲಬಾರ್ದು’ ಅಂದ್ರು. ಎರಡು ವರ್ಷದವಕ್ಕೆ ಎಲ್ಲ ಸೇರಿ ಹತ್ತು ನಿಮಿಷ, ದೊಡ್ಡವಕ್ಕೆ ಇಪ್ಪತ್ತು. ಸಾಮಾನು ಬುಟ್ಟಿಗೆ ಹಾಕೋವಾಗಲೂ ಅದೇ ಪದ ಮೆಲ್ಲಗೆ ಗುನುಗ್ತಾ ಇರಿ, ಕೊನೇ ಗೆಜ್ಜೆ ಬುಟ್ಟಿಗೆ ಬೀಳೋ ತನಕ.